ಲುಯಿಸನ ಮನೆಗೆ ಹೋಗುತ್ತಿದ್ದ ಮುಂಗುಸಿ

ಕಾರ್ಮಿಕರ ಮನೆಗಳ ನಮ್ಮ ಲೈನಿನ ಶಂಕ್ರಪ್ಪನಿಗೆ ಇದ್ದ ಒಂದೇ ಚಟ ಹೊಟ್ಟೆಕಿಚ್ಚು. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಕುಡಿತದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಆದರೆ ಪಕ್ಕದ ಮನೆಯ ದಾಸವಾಳ ಎರಡು ಹೂ ಹೆಚ್ಚಿಗೆ ಬಿಟ್ಟರೆ ಆ ದಿನ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರು ಧಾರವಾಡದ ಕಡೆ; ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಜಾಗದ ಮೇಸ್ತ್ರಿ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆಯೇ ಚಹಾ. ಮಗಳು ಹುಟ್ಟಿದ ವರ್ಷ ಹೆಂಡತಿ ಮಾಲವ್ವ ಮೈಯಲ್ಲಿ ರಕ್ತವಿಲ್ಲದೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು. ದಿನಕ್ಕೊಂದು ಕೋಳಿತತ್ತಿ ಕೊಡಿ ಎಂದ ಡಾಕ್ಟರಿಗೆ, "ನಮ್ಮ ಮನ್ಯಾಗ ತತ್ತಿ ಹೊಸ್ತಲಾ ದಾಟೂದಿಲ್ಲರೀ" ಎಂದು ಕೈಮುಗಿದು ಬಂದ ಆಸಾಮಿ ಇವನು. ಮಾಲವ್ವ ಹೇಗೋ ಬದುಕಿಕೊಂಡಳು.

ಸೂಪಾದಲ್ಲಿ ಆಣೆಕಟ್ಟು ಏಳುತ್ತಿದ್ದ ವರ್ಷಗಳವು. ಒಂದು ದಿನ ಬಿದಿರಿನ ಲಾರಿ ಇಳಿಸುವಾಗ ಹಮಾಲ ಲುಯಿಸನ ಕೈಗೆ ಮುಂಗುಸಿ ಮರಿಯೊಂದು ಸಿಕ್ಕಿತು. ಲುಯಿಸ್ ಹಳಿಯಾಳ ಕಡೆಯ ಸಿದ್ದಿ ಜನದವನು. ನಮ್ಮ ಲೈನಿನ ಹಿಂದೆ, ಗಟಾರದ ಆಚೆಗೇ ಅವನ ಮನೆ. ಮರಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿನಿಂದ ಅದು ಮೂಗು ಹೊರಗೆ ಹಾಕಿದ್ದೇ ತಡ, ಶಂಕ್ರಪ್ಪನ ಹೊಟ್ಟೆ ಉರಿಯತೊಡಗಿತು.

"ಏ ಲುಯಿಸಾ, ಅದನ್ನ ನನಗ ಕೊಡೋ."

"ತಗೋರಿ ಮೇಸ್ತ್ರಿ. ಆದ್ರ ಸಾಕೂದು ನಿಮ್ಮ ಕೈಲೆ ಆಕ್ಕೈತೇನು?"

ಆ ಪ್ರಶ್ನೆ ಶಂಕ್ರಪ್ಪನಿಗೆ ಚುಚ್ಚಿತು. ಸಾಕಿ ತೋರಿಸಿಯೇ ಬಿಡುತ್ತೇನೆ ಎಂದು ಮನೆಗೆ ತಂದ. ಗುಂಡ್ಯಾ ಎಂದು ಹೆಸರಿಟ್ಟ. ಹಾಲನ್ನ, ಮೊಸರನ್ನ, ಹಬ್ಬ ಬಂದರೆ ಹೋಳಿಗೆ. ಪೂಜೆಗೆ ಕೂತಾಗ ಅದು ತೊಡೆಯೇರಿ ಕಲ್ಲುಸಕ್ಕರೆ ಕಡಿಯುತ್ತಿತ್ತು. ಮುಂಗುಸಿಗೂ ಸಂಸ್ಕಾರ ಕಲಿಸಿದ್ದೇನೆ ಎಂದು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಅವನನ್ನು ಕಂಡರೆ ಗುಂಡ್ಯಾ ಗಂಟಲಲ್ಲೇ ಕುರ್ ಕುರ್ ಎಂದು ಸದ್ದು ಮಾಡುತ್ತಿತ್ತು. ಬೇರೆ ಯಾರಿಗೂ ಹಾಗೆ ಮಾಡುವುದಿಲ್ಲ ಎಂಬುದೇ ಅವನ ದೊಡ್ಡಸ್ತಿಕೆ. ನಾನೂ ಒಂದೆರಡು ಸಲ ಕರೆದು ನೋಡಿದೆ, ನನ್ನತ್ತ ತಿರುಗಿಯೂ ನೋಡಲಿಲ್ಲ ದರಿದ್ರ ಪ್ರಾಣಿ. ಮಾಲವ್ವನಂತೂ ನನ್ನ ಹೆಂಡತಿಯ ಮುಂದೆ ಕೂತು, "ನನ್ನ ಒಂದಿನಾನೂ ಹಿಂಗ ಮಾತಾಡ್ಸಿಲ್ಲವಾ. ಅದರ ಜೋಡಿ ನೋಡು, ತಾಸಗಟ್ಟಲೆ" ಎಂದು ಕುದಿಯುತ್ತಿದ್ದಳು.

ಬೆಳೆದಂತೆ ಗುಂಡ್ಯಾ ಮಧ್ಯಾಹ್ನದ ಹೊತ್ತು ಕಾಣೆಯಾಗತೊಡಗಿತು. ಎಲ್ಲಿ ಹೋಗುತ್ತದೆಂದು ಇಡೀ ಲೈನಿಗೆ ಗೊತ್ತಿತ್ತು. ಲುಯಿಸನ ಹೆಂಡತಿ ಮಾರ್ಥಾ ಅಂಗಳದಲ್ಲಿ ಕಾಳಿ ನದಿಯ ಸಣ್ಣ ಮೀನು ಒಣಹಾಕುತ್ತಿದ್ದಳು. ಶಂಕ್ರಪ್ಪ ಪಾಳಿ ಮುಗಿಸಿ ಬಂದವನೇ ಗುಂಡ್ಯಾನ ಬಾಯಿ ಮೂಸುತ್ತಿದ್ದ, ಕುಡುಕ ಗಂಡನ ಬಾಯಿಯನ್ನು ಹೆಂಡತಿ ಮೂಸುವ ಹಾಗೆ. ಮೀನಿನ ವಾಸನೆ ಬಂದರೆ ಮುಗಿಯಿತು.

"ಲುಯಿಸಾ ಮೊದಲು ಎತ್ತಿಕೊಂಡಾನಲ್ಲ, ಅದಕ್ಕ ಅಂವನ ವಾಸನಿ ಹಿಡದು ಹೋಗ್ತೈತಿ," ಎನ್ನುತ್ತಿದ್ದ. ಮೀನಿನ ವಾಸನೆ ಹಿಡಿದು ಹೋಗುತ್ತದೆ ಎಂದು ಹೇಳಿದರೆ ನನ್ನ ಮೇಲೇ ಹರಿಹಾಯ್ದ. ಮರುದಿನ ಗುಂಡ್ಯಾನ ಕೊರಳಿಗೆ ಹಗ್ಗ ಬಿತ್ತು. ಅಡುಗೆಮನೆಯ ಮೂಲೆಯಲ್ಲಿ ಗೂಟ. ಮತ್ತೆ ಬರೀ ಹಾಲನ್ನ.

ಮಳೆಗಾಲ ಮುಗಿಯುವಷ್ಟರಲ್ಲಿ ಗುಂಡ್ಯಾ ಹಿಂಗಾಲು ಎಳೆಯತೊಡಗಿತು. ಕೂದಲು ಉದುರಿತು. ಆಮೇಲೆ ಏಳುವುದನ್ನೇ ಬಿಟ್ಟಿತು. ಶಂಕ್ರಪ್ಪ ಅದನ್ನು ಕೈಚೀಲದಲ್ಲಿ ಮಲಗಿಸಿಕೊಂಡು, ರಜೆ ಹಾಕಿ, ಹಳಿಯಾಳದ ದನದ ಡಾಕ್ಟರ ಹತ್ತಿರ ಹೋದ. ಜೊತೆಗೆ ನಾನೂ ಇದ್ದೆ.

"ಏನ್ ಹಾಕ್ತೀರಿ ಇದಕ್ಕ?" ಡಾಕ್ಟರು ಕೇಳಿದರು.

"ಹಾಲನ್ನರೀ. ಆದ್ರ ಆ ಲುಯಿಸಾ ಕದ್ದು ಮೀನ ತಿನ್ನಿಸಿ ಇದರ ಹೊಟ್ಟಿ ಕೆಡಿಸ್ಯಾನ್ರಿ."

"ಆ ಮೀನ ತಿಂದದ್ದಕ್ಕನ ಇಷ್ಟ ದಿನಾ ನಡದಾಡೇತ್ರಿ. ಇದರ ಎಲುಬು ಮೆತ್ತಗಾಗ್ಯಾವ. ತತ್ತಿ ಹಾಕ್ರಿ, ಸಣ್ಣ ಮೀನ ಎಲುಬು ಸಮೇತ ಹಾಕ್ರಿ, ಬಿಸಲಾಗ ಬಿಡ್ರಿ. ಇಲ್ಲಾಂದ್ರ ಉಳಿಯೂದಿಲ್ಲ."

ಬಸ್ಸಿನಲ್ಲಿ ದಾಂಡೇಲಿಯವರೆಗೂ ಶಂಕ್ರಪ್ಪ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ. ಇಳಿದವನು ಮನೆಗೆ ಹೋಗದೆ ನೇರ ಗಟಾರ ದಾಟಿದ. ಚೀಲವನ್ನು ಲುಯಿಸನ ಕೈಗಿಟ್ಟು, "ನೀನ ತಿನ್ಸು. ನನ್ನ ಕೈಲೆ ಆಗೂದಿಲ್ಲ" ಎಂದು ಬೆನ್ನು ತಿರುಗಿಸಿ ನಿಂತ.

ಲುಯಿಸ್ ಒಳಗಿನಿಂದ ಒಂದು ತತ್ತಿ ತಂದು ಒಡೆದು, ಅಂಗೈಯಲ್ಲಿ ಹಿಡಿದ. ಗುಂಡ್ಯಾ ಮೂಗು ಚಾಚಿತು, ನೆಕ್ಕಿತು. ಆಮೇಲೆ ಸಣ್ಣಗೆ ಶುರುವಾಯಿತು ನೋಡಿ: ಕುರ್ ಕುರ್. ಲುಯಿಸನಿಗೂ ಖುಷಿಯಾಗಿ, "ಕೇಳ್ರಿ ಮೇಸ್ತ್ರಿ, ನನ್ನ ಗುರುತ ಹಿಡೀತು" ಎಂದ. ಅವನು ಸುಮ್ಮನಿರಬಹುದಿತ್ತು.

ಶಂಕ್ರಪ್ಪ ಗಕ್ಕನೆ ತಿರುಗಿದ. ಮುಖ ಕೆಂಪಾಗಿತ್ತು. "ತಾ ಇಲ್ಲೆ!" ಎಂದು ತತ್ತಿಯ ಚಿಪ್ಪನ್ನೇ ಕಸಿದುಕೊಂಡು, ಉಳಿದದ್ದನ್ನು ತನ್ನ ಅಂಗೈಗೆ ಸುರಿದುಕೊಂಡ. ಹಳದಿ ಮೊಣಕೈವರೆಗೂ ಹರಿಯಿತು. ಗುಂಡ್ಯಾ ಅವನ ಬೆರಳು, ಮುಂಗೈ ಎಲ್ಲ ನೆಕ್ಕಿತು. ಪ್ರಾಣಿಯ ಮೇಲಿನ ಕರುಣೆ ಮಾಡಿಸದ ಕೆಲಸವನ್ನು ಹೊಟ್ಟೆಕಿಚ್ಚು ಮಾಡಿಸಿತ್ತು. ಅವನ ಕಣ್ಣಲ್ಲಿ ನೀರಿತ್ತು.

ಗುಂಡ್ಯಾನನ್ನು ಎತ್ತಿಕೊಂಡು ಮನೆಗೆ ಬಂದಾಗ ಮಾಲವ್ವ ಹಿತ್ತಲ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಎಲ್ಲವನ್ನೂ ಅಲ್ಲಿಂದಲೇ ನೋಡಿದ್ದಳು. ಬೈಯಲಿಲ್ಲ. ಅವನ ಕೈಗೆ ನೀರು ಹಾಕುತ್ತ, "ನಾ ಹಾಸಿಗಿ ಹಿಡದಾಗ ಈ ಕೈ ಎಲ್ಲಿ ಇತ್ತರೀ?" ಎಂದಳು.

ಶಂಕ್ರಪ್ಪ ಕೈ ತೊಳೆಯುತ್ತಲೇ ಇದ್ದ. ನೀರು ಮುಗಿದರೂ ಉಜ್ಜುತ್ತಿದ್ದ.

ಮರುದಿನ ಪೇಟೆಯಿಂದ ಬರುವಾಗ ಅವನ ಕರವಸ್ತ್ರದಲ್ಲಿ ಎರಡು ತತ್ತಿ ಇದ್ದವು. ಹೊಸ್ತಿಲು ದಾಟಿಸಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಒಂದು ಗುಂಡ್ಯಾಗ," ಎಂದ. ಇನ್ನೊಂದು ಯಾರಿಗೆಂದು ಹೇಳಲು ಬಾಯಿ ಬರಲಿಲ್ಲ.

ಮಾಲವ್ವ ಕರವಸ್ತ್ರದ ಗಂಟು ಬಿಚ್ಚಿದಳು. ಆಮೇಲೆ ಎರಡನ್ನೂ ಒಡೆದು ಗುಂಡ್ಯಾನ ತಾಟಿಗೆ ಹಾಕಿದಳು.