ದವಾಖಾನೆಯ ಹತ್ತಿರದ ಕೋಣೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದು ಹೋಗಿದ್ದೇನೆ. ಹೆಂಡತಿ ಬದುಕಿದ್ದಾಗ ಅವಳಿಗೂ ಹೇಳಲಿಲ್ಲ. ಈಗ ಕೇಳಿ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ. ಅದಕ್ಕೇ ಧೈರ್ಯ ಬಂದಿದೆಯೋ ಏನೋ.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಆಗಿ ನಾಲ್ಕೈದು ವರ್ಷವಾಗಿತ್ತು. ನಮ್ಮದು ಭೀಮಾ ನದಿ ದಂಡೆಯ ಸನ್ನತಿ. ಹರಿಗೋಲು ಹಾಕುವುದು, ಮೀನು ಹಿಡಿಯುವುದು ಮನೆತನದ ಕಸುಬು. ನಾನು ಚಿತ್ತಾಪುರದಲ್ಲಿ ಹೈಸ್ಕೂಲು ಮುಗಿಸಿ ಕೆಲಸ ಹುಡುಕುತ್ತಿದ್ದೆ. ಅಪ್ಪ ಇರಲಿಲ್ಲ. ಅವ್ವ ಎದೆಬೇನೆಯಿಂದ ಹಾಸಿಗೆ ಹಿಡಿದಾಗ, ಹೊಳೆಯಾಚೆಯ ಊರಿನಿಂದ ಅವಳ ಅಣ್ಣ, ನನ್ನ ಮಾವ, ಬಂದು, ಬಂಡಿಯಲ್ಲಿ ನಾಲವಾರ ಸ್ಟೇಷನ್ನಿಗೆ ಕರೆತಂದು ರೈಲು ಹತ್ತಿಸಿದ. "ನೀ ಓದಿದಾಂವ ಇದ್ದಿ. ನನ್ನ ತಂಗೀನ ಉಳಿಸಿಕೊಂಡು ಬಾ" ಎಂದ.

ಶಹಾಬಾದಿನ ದವಾಖಾನೆ ಊರ ಹೊರಗಿತ್ತು. ದಿನವೂ ಸೂಜಿ ಹಾಕಿಸಬೇಕು, ಆದರೆ ಮಂಚ ಖಾಲಿ ಇಲ್ಲ, ಹತ್ತಿರದಲ್ಲೇ ಕೋಣೆ ನೋಡಿಕೋ ಎಂದರು ಡಾಕ್ಟರು. ಅವ್ವನನ್ನು ಬೇವಿನ ಮರದ ಕೆಳಗೆ ಮಲಗಿಸಿ ಮನೆ ಮನೆ ಕೇಳಿದೆ. ಎಲ್ಲರೂ ಮೊದಲು "ಯಾವ ಮಂದಿ?" ಎನ್ನುತ್ತಿದ್ದರು. ನಾನು ಹೇಳಿದ ಮೇಲೆ ಯಾರ ಮನೆಯಲ್ಲೂ ಕೋಣೆ ಖಾಲಿ ಇರುತ್ತಿರಲಿಲ್ಲ. ಸಂಜೆಯಾಯಿತು. ಒಂದು ಗುಡಿಯಲ್ಲಿ ವಿಭೂತಿ ತೆಗೆದುಕೊಂಡು ಹಣೆಗೆ ದಪ್ಪಗೆ ಬಳಿದುಕೊಂಡೆ.

ಮುಂದಿನ ಮನೆಯೊಡತಿ ಲಿಂಗಾಯತರ ಮುದುಕಿ. "ಯಾವ ಮಂದಿಯಪಾ?" ಎಂದಳು.

"ನಿಮ್ಮವರೇ ಇದ್ದೇವ್ರಿ ಅಮ್ಮಾ. ನಮ್ಮವ್ವಗ ಬ್ಯಾನಿ ಅದ, ಗಿಡದ ಕೆಳಗ ಮಲಗಿಸಿ ಬಂದೀನಿ."

"ಹಂಗಾರ ಹಿತ್ತಲದಾಗ ಕೋಣಿ ಅದ. ಅವ್ವಗ ಹೊರಗ ಯಾಕ ಇಟ್ಟಿ, ಕರಕೊಂಡು ಬಾ."

ಒಳ್ಳೆಯ ಹೆಂಗಸು. ಅವ್ವನಿಗೆ ದಿನವೂ ಗಂಜಿ ಕಳಿಸುತ್ತಿದ್ದಳು. ಹೊಳೆಯ ಮಾತು ಎತ್ತಬೇಡ ಎಂದು ಅವ್ವನಿಗೆ ಹೇಳಿಟ್ಟಿದ್ದೆ. ಮೊದಮೊದಲು ಊರಿನ ವಿಷಯ ಪಿಸುಗುಟ್ಟುತ್ತಿದ್ದೆವು, ಆಮೇಲೆ ಅದನ್ನೂ ಬಿಟ್ಟೆವು. ಅಷ್ಟು ಮಂದಿಯ ಓಣಿಯಲ್ಲಿ ಯಾರೂ ಇಲ್ಲದವರ ಹಾಗೆ ಇದ್ದೆವು.

ಒಂದು ಮಧ್ಯಾಹ್ನ ಅವ್ವ ಸೂಜಿ ಹಾಕಿಸಿಕೊಂಡು ಬಂದು ಮಲಗಿದ್ದಳು. ದವಾಖಾನೆಯಲ್ಲಿ ವಿಚಾರಿಸಿಕೊಂಡು ಮಾವ ಬಂದು ಅಂಗಳದಲ್ಲಿ ನಿಂತಿದ್ದ. ಮೊಣಕಾಲ ತನಕ ಧೂಳು. ಹೆಗಲ ಮೇಲಿನ ಗಂಟಿನಿಂದ ಒಣಮೀನಿನ ವಾಸನೆ. ಮನೆಯೊಡತಿ ಮೂಗಿಗೆ ಸೆರಗು ಹಿಡಿದು, "ಯಾರಪಾ ಇಂವ, ನಿಮ್ಮ ಕಡ್ಯಾಂವೇನು?" ಎಂದಳು.

"ಯಾರೋ, ಗೊತ್ತಿಲ್ರಿ" ಎಂದೆ.

ಮಾವ ನನ್ನ ಹಣೆಯನ್ನು ನೋಡಿದ. "ಹೌದ್ರಿ ತಾಯಿ, ಮನಿ ತಪ್ಪಿ ಬಂದೀನಿ" ಎಂದು ಹೊರಟವನು ತಿರುಗಿ ನಿಂತ. "ದವಾಖಾನಿ ಬಾಜೂಕಿನ ಮನಿ, ಅದಕ್ಕ ಕೇಳ್ತೀನ್ರಿ. ಒಳಗ ಬ್ಯಾನಿ ಬಿದ್ದವರು ಯಾರರ ಇದ್ದಾರೇನು?"

"ಇವರವ್ವ ಇದ್ದಾಳ. ಈಗ ಆರಾಮ ಆಗಲಾಕತ್ತದ."

"ಅಷ್ಟಾದ್ರ ಸಾಕ್ರಿ" ಎಂದು ಹೋದ. ನಾನು ಓಣಿಯ ತಿರುವಿನ ತನಕವೂ ಹಿಂದೆ ಹೋಗಲಿಲ್ಲ. ಅವ್ವ ಎದ್ದ ಮೇಲೆ ಹೇಳಲೂ ಇಲ್ಲ.

ಅವ್ವ ಗುಣವಾಗಿ ಊರಿಗೆ ಬಂದಳು. ಆ ವರ್ಷ ನಾಗರಪಂಚಮಿಗೆ ಮಾವ ತಂಗಿಯನ್ನು ತವರಿಗೆ ಕರೆಯಲು ಬಂದ. ಅವ್ವ ಜಾಗ ಬಿಟ್ಟು ಏಳಲಿಲ್ಲ. "ರೈಲು ಹತ್ತಿಸಿ ಕೈ ತೊಳಕೊಂಡಿ. ಅಲ್ಲಿ ನಾ ಸಾಯಲಾಕ ಬಿದ್ದಾಗ ಮಾರಿ ತೋರಿಸಲಿಲ್ಲ, ಈಗ ಉಂಡಿ ತಿನ್ನಲಾಕ ಕರೀತೀ ಏನು?" ಎಂದಳು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಮಾವ ನನ್ನ ಕಡೆ ತಿರುಗಲಿಲ್ಲ. "ಹೊಳ್ಯಾಗ ಕೆಲಸ ಭಾಳ ಇತ್ತವ್ವಾ, ತಪ್ಪಾತು" ಎಂದ. ಮರುವರ್ಷವೂ ಬಂದ, ಅದರ ಮರುವರ್ಷವೂ. ಅವ್ವ ಸಾಯುವ ತನಕ ತವರಿಗೆ ಹೋಗಲಿಲ್ಲ.

ನನ್ನ ಒಂದು ಮಾತು ಸಾಕಿತ್ತು. ಅವ್ವನ ಕಣ್ಣಲ್ಲಿ ಸಣ್ಣವನಾಗುತ್ತೇನೆಂದು ಆಡಲಿಲ್ಲ. ಅವಳು ಹೋದ ಮೇಲೆ ಮಾವನ ಹತ್ತಿರವಾದರೂ ಹೋಗಬೇಕಿತ್ತು. ನಾಳೆ, ನಾಡಿದ್ದು ಎನ್ನುತ್ತಿರುವಾಗಲೇ ಅವನೂ ಹೋದ. ಮಾವ ಎಂದಷ್ಟೇ ಬರೆದು ಮುಗಿಸಿದರೆ ಇನ್ನೊಮ್ಮೆ ಅವನನ್ನು ಯಾರೋ ಎಂದಂತೆಯೇ. ಅವನ ಹೆಸರು ಸಾಯಬಣ್ಣ.