ಸುಗಟೂರಿನ ಕುದುರೆ ಮಸಾಲೆ

ಕಳೆದ ವಾರ ಸುಗಟೂರಿನಲ್ಲಿ ಒಂದು ಕರು ನನ್ನನ್ನು ದಿಟ್ಟಿಸಿ ನೋಡಿತು.

ಕರು ನೋಡಿದ್ದಕ್ಕೆಲ್ಲ ಅಂಕಣವೇ ಎನ್ನಬೇಡಿ. ಇದರ ತಾಯಿ ಹಿಂದೆ ಈದ ಎರಡು ಕರುಗಳೂ ಹುಟ್ಟುಕುರುಡು.

ಹಸು ನಮ್ಮಕ್ಕನದು. ಹೆಸರು ಗೌರಿ. ಅಕ್ಕನನ್ನು ಮದುವೆ ಮಾಡಿ ಕಳಿಸುವಾಗ ನಮ್ಮಪ್ಪ ಜೊತೆಗೆ ಕೊಟ್ಟ ಹಸುವಿನ ಮಗಳು. ಎರಡನೆಯ ಕರುವೂ ಗೋಡೆಗೆ ಡಿಕ್ಕಿ ಹೊಡೆಯತೊಡಗಿದಾಗ ಭಾವನಿಗೆ ಸಾಕಾಯಿತು. "ನಂಗಲಿ ಕಡೆ ದನದ ದಲ್ಲಾಳಿಗಳು ಗೌರೀನ ಕೇಳ್ತಾವ್ರೆ, ಕೊಟ್ಬಿಡ್ತೀನಿ" ಎಂದರು. ಕೊಂಡವರು ಅದನ್ನು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕೇ?

"ಇನ್ನೊಂದು ಸೂಲು ನೋಡಾಣ. ಆಮೇಲೆ ನಿಮ್ಮಿಷ್ಟ" ಎಂದಳು ಅಕ್ಕ.

ಕೋಲಾರದಿಂದ ದನದ ಡಾಕ್ಟರನ್ನು ಕರೆಸಿದಳು. ಅವರು ಕೊಟ್ಟಿಗೆಯಲ್ಲಿದ್ದ ಒಣ ರಾಗಿ ಹುಲ್ಲನ್ನು ನೋಡಿ, "ಗಬ್ಬದ ಹಸೂಗೆ ಬರೀ ಇದನ್ನೇ ಹಾಕಿದ್ರೆ ಕರುವಿಗೆ ಕಣ್ಣು ಎಲ್ಲಿಂದ ಬರ್ಬೇಕಮ್ಮ? ಕಣ್ಣಿಗೆ ಬೇಕಾದ ವಿಟಮಿನ್ನು ಹಸಿರಲ್ಲಿರತ್ತೆ. ಕುದುರೆ ಮಸಾಲೆ ಬೆಳೀರಿ" ಎಂದರು.

(ಬೆಂಗಳೂರಿನ ದಂಡಿನ ಕುದುರೆಗಳು ಮೇಯುವ ಮೂರೆಲೆಯ ಸೊಪ್ಪು. ಹೆಸರಿನಲ್ಲಿ ಮಸಾಲೆ ಇದ್ದರೂ ಸಾರಿಗೆ ಬಾರದು.)

ಬಾವಿಯ ಪಕ್ಕದ ತರಕಾರಿ ಮಡಿಗಳಲ್ಲಿ ಅಕ್ಕ ಅದನ್ನೇ ಬಿತ್ತಿದಳು. ಸಂತೆಗೆ ಹೋಗಬೇಕಾದ ಬದನೆಕಾಯಿಯ ಜಾಗದಲ್ಲಿ ದನದ ಮೇವು! ಊರು ಸುಮ್ಮನಿರುತ್ತದೆಯೇ? "ಏಮಮ್ಮಾ, ಮನೇಲಿ ಗುರ್ರಂ ಕಟ್ಟಿದ್ದೀಯಾ?" ಎಂದು ಬಾವಿಗೆ ಬಂದವರೆಲ್ಲ ಇಲ್ಲದ ಕುದುರೆಯನ್ನು ತೆಲುಗು ಬೆರೆಸಿ ವಿಚಾರಿಸಿದರು. ಅಕ್ಕ ನೀರು ಕಟ್ಟುತ್ತಲೇ ಇದ್ದಳು.

ಸೊಪ್ಪು ಕೊಯ್ದಷ್ಟೂ ಚಿಗುರಿತು. ಗೌರಿಯ ಮೈಕೂದಲಿಗೆ ಹೊಳಪು ಬಂತು. ಈ ಮಹಾಯುದ್ಧ ಶುರುವಾದ ಮೇಲೆ ಕಡಲೆ ಹಿಂಡಿ ಸಿಗುವುದೇ ಕಷ್ಟ. ಆದರೆ ಈ ಸೊಪ್ಪಿನಲ್ಲೇ ಅಷ್ಟು ಸತ್ವವಿತ್ತು, ಹಿಂಡಿಗಾಗಿ ಅಲೆಯುವುದು ತಪ್ಪಿತು.

ಇದನ್ನೆಲ್ಲ ಕಂಡು ಭಾವನಿಗೂ ಹುರುಪು ಬಂತು. ಒಂದು ಬೆಳಿಗ್ಗೆ ಇಬ್ಬನಿ ಆರದ ಸೊಪ್ಪನ್ನು ತಬ್ಬುಗಟ್ಟಲೆ ತಂದು ಗೌರಿಯ ಮುಂದೆ ಸುರಿದರು. ಮಧ್ಯಾಹ್ನದೊಳಗೆ ಹಸುವಿನ ಎಡ ಹೊಟ್ಟೆ ತಮಟೆಯಂತೆ ಬಿಗಿದು, ಅದು ಉಸಿರಿಗೆ ಒದ್ದಾಡತೊಡಗಿತು. ಒಳಗೆ ದಿನ ತುಂಬಿದ ಕರು.

ಅಕ್ಕ ಅಳಲಿಲ್ಲ. ಬಿದಿರಿನ ಗೊಟ್ಟದಲ್ಲಿ ಕಡಲೆಕಾಯಿ ಎಣ್ಣೆ ಕುಡಿಸಿದಳು. ಮಲಗಲು ಬಿಡದೆ ಅಂಗಳದಲ್ಲಿ ನಡೆಸಿದಳು. ಗೌರಿ ದೊಡ್ಡದಾಗಿ ತೇಗಿದಾಗಲೇ ಅವಳು ಜಗಲಿಯ ಮೇಲೆ ಕುಳಿತದ್ದು.

"ಈ ಹಾಳು ಸೊಪ್ಪು ಕಿತ್ತಾಕ್ತೀನಿ" ಎಂದರು ಭಾವ.

"ಸೊಪ್ಪಿಂದೇನು ತಪ್ಪು? ಬಾಡಿಸಿ, ಹುಲ್ಲು ಬೆರೆಸಿ ಕೊಡ್ಬೇಕು. ಇನ್ಮೇಲೆ ಮೇವು ನಾನೇ ಹಾಕ್ತೀನಿ."

ಹಾಗೆಯೇ ಹಾಕಿದಳು, ಈಯುವ ದಿನದವರೆಗೂ.

ನಾನು ಹೋದಾಗ ಅಕ್ಕ ಕರುವಿನ ಮುಂದೆ ಸೆರಗು ಆಡಿಸಿದಳು. ಅದರ ಕಣ್ಣು ಸೆರಗಿನ ಜೊತೆಗೇ ಆಡಿತು. ಆಮೇಲೆ ನನ್ನತ್ತ ತಿರುಗಿ ನಿಂತಿತು. ಕಪ್ಪಗೆ, ಹೊಳೆಯುವ ಕಣ್ಣು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಗ್ಗಿ ಕರುವಿನ ನೆತ್ತಿ ಸವರಿದೆ.

ಈಗ ಶ್ರೀನಿವಾಸಪುರದಿಂದಲೂ ರೈತರು ಮಡಿ ನೋಡಲು ಬರುತ್ತಾರೆ. ಭಾವನ ಬೆನ್ನು ತಟ್ಟಿ, "ಭಲೇ ಕೆಲ್ಸ ಮಾಡಿದ್ಯಪ್ಪ" ಎಂದು ಹೊಗಳಿ, ಅಕ್ಕ ಕೊಟ್ಟ ಮಜ್ಜಿಗೆ ಕುಡಿದು ಬಸ್ಸು ಹತ್ತುತ್ತಾರೆ. ಆಕೆಯ ಹೆಸರನ್ನು ಒಬ್ಬರಾದರೂ ಕೇಳಿದ್ದಾರೆಯೇ?

ಬರೆದುಕೊಳ್ಳಿ: ಮುನಿವೆಂಕಟಮ್ಮ.