ಕುಸುಬಿ ಎಣ್ಣೆ ಹಚ್ಚಿದ ಮೊಳೆಗಳು

ನನಗೆ ಸಿಟ್ಟು ಬೇಗ ಬರುತ್ತದೆ. ಇಂಡಿ ಪಟ್ಟಣದಿಂದ ಬಸ್ಸಿನಲ್ಲಿ ನಿಂತು ಶಾಲೆ ಮುಟ್ಟುವ ಹೊತ್ತಿಗೆ ಅದು ಮೂಗಿನ ತುದಿಗೆ ಬಂದು ಕೂತಿರುತ್ತದೆ. "ಶ್ರೀವಾಣಿ ಅಕ್ಕೋರು ಬಂದ್ರು, ಸುಮ್ಮಕುಂಡ್ರ್ಯೋ" ಎಂದು ಮಕ್ಕಳು ಪಿಸುಗುಡುವುದು ನನಗೂ ಕೇಳಿಸುತ್ತದೆ. ನಾನು ಇಲ್ಲಿ ವಿಜ್ಞಾನ ಕಲಿಸುವ ಹದಿನಾಲ್ಕು ವರ್ಷದಿಂದ ನನ್ನ ಬೈಗುಳ ಎಲ್ಲರಿಗಿಂತ ಹೆಚ್ಚು ತಿಂದವರು ನಮ್ಮ ಪ್ರಯೋಗಾಲಯದ ಅಟೆಂಡರ್ ಅಬ್ದುಲರಜಾಕ ಅವರು. ಆದ್ದರಿಂದ ಅವರ ಬಗ್ಗೆ ನಾನೇ ಬರೆಯಬೇಕು.

ತಾಂಬಾದ ಆಚೆ ಒಂದು ಹಳ್ಳಿಯಲ್ಲಿ ನಮ್ಮ ಖಾಸಗಿ ಹೈಸ್ಕೂಲು. ಅಬ್ದುಲರಜಾಕ ಓದಿದ್ದು ಒಂಬತ್ತನೆಯ ಇಯತ್ತೆ. ಜವಾನನಾಗಿ ಸೇರಿದ ವಾರದಲ್ಲೇ ಆಗಿನ ವಿಜ್ಞಾನದ ಮಾಸ್ತರರು ಗಾಜಿನ ಪ್ರನಾಳ ತೊಳೆಯಲು ಒಳಗೆ ಕರೆದರಂತೆ. ಒಳಗೆ ಹೋದವರು ಮೂವತ್ತು ವರ್ಷವಾದರೂ ಹೊರಗೆ ಬಂದಿಲ್ಲ. ಪುಸ್ತಕದ ನಾಲ್ಕು ಬಗೆಯ ರಾಸಾಯನಿಕ ಕ್ರಿಯೆಗಳಿಗೂ ಅವರದೇ ಹೆಸರುಗಳಿವೆ. ಸಂಯೋಗ ಎಂದರೆ 'ಕೂಡೂದು'. ವಿಭಜನೆ 'ಒಡಿಯೂದು'. ಸ್ಥಾನಪಲ್ಲಟ ಎಂದರೆ ಬಸ್ಸಿನಲ್ಲಿ ಒಬ್ಬನನ್ನು ಎಬ್ಬಿಸಿ ಗಟ್ಟಿ ಆಳು ಕೂರುವುದು. ದ್ವಿಸ್ಥಾನಪಲ್ಲಟಕ್ಕೆ 'ಸಾಟಿ ಲಗ್ನ': ಈ ಮನೆಯ ಹುಡುಗಿ ಆ ಮನೆಗೆ, ಆ ಮನೆಯ ಹುಡುಗಿ ಈ ಮನೆಗೆ. ನಾನು ಒಂದು ತಾಸು ಬೋರ್ಡಿನ ಮೇಲೆ ಬರೆದು ಹೇಳಿದ್ದು ಮಕ್ಕಳ ತಲೆಗೆ ಹೋಗುವುದಿಲ್ಲ. ಇವರು ಪ್ರನಾಳ ಒರೆಸುತ್ತ ಅಂದದ್ದು ಹೋಗುತ್ತದೆ. ಸಿಟ್ಟು ಬರದೆ ಏನು ಮಾಡುತ್ತದೆ?

ಒಂದೇ ವಿಷಯದಲ್ಲಿ ಅವರು ಗದರುತ್ತಾರೆ. ಒಮ್ಮೆ ಹುಳ ಹತ್ತಿ ಬಾಟಲಿಗಳ ಚೀಟಿಗಳೆಲ್ಲ ಹಾಳಾಗಿ, ಯಾವುದರಲ್ಲಿ ಏನಿದೆ ಎಂದೇ ತಿಳಿಯದಾಗಿತ್ತಂತೆ. ಅಂದಿನಿಂದ ಯಾವುದನ್ನು ಮುಟ್ಟಿದರೂ ಮೊದಲು ನೋಡಬೇಕು, ಆಮೇಲೆ ದೂರ ಹಿಡಿದು ಅಂಗೈ ಬೀಸಿ ವಾಸನೆ ತೆಗೆದುಕೊಳ್ಳಬೇಕು. ಯಾರಾದರೂ ಮುಖ ಬಗ್ಗಿಸಿದರೋ, "ಏ, ಮೂಗು ತುರುಕಬ್ಯಾಡೋ! ಕೈಲೆ ಕರಿ, ವಾಸನಿ ತಾನ ಬರತೈತಿ" ಎಂದು ಕೂಗುತ್ತಾರೆ.

ಹೋದ ವರ್ಷ ಆಗಸ್ಟಿನಲ್ಲಿ ನಮ್ಮ ಸಂಸ್ಥೆಯ ಅಧ್ಯಕ್ಷರು ಪಂಢರಿನಾಥರು ಮೀಟಿಂಗ್ ಕರೆದರು. ದ್ರಾಕ್ಷಿ ತೋಟದ ಯಜಮಾನರು, ಮಾತು ಕಡಿಮೆ. ಶಾಲೆಗೆ ದೊಡ್ಡ ಟಿವಿ ಬರುತ್ತದೆ, ಅದಕ್ಕೆ ಪ್ರಯೋಗಾಲಯದ ಕೋಣೆ ಬೇಕು ಎಂದರು.

"ಎಲ್ಲಾ ಪ್ರಯೋಗ ವಿಡಿಯೋದಾಗ ಅದಾವಂತ. ಬಾಟ್ಲಿ-ಗೀಟ್ಲಿ ಇನ್ನ ಯಾಕ್ರಿ? ರಜಾಕಗ ಗೇಟಿನ ಕೆಲಸಾ ಕೊಡೂಣು."

ನಾನು ಎದ್ದು ನಿಂತು ಜಗಳಾಡಿದೆ. ಕೊನೆಗೆ ಅವರೇ ಬೇಸತ್ತು, "ಆತು, ಸೋಮವಾರ ಬರ್ತೇನಿ. ನಾಕೂ ಬಗಿ ಮಾಡಿ ತೋರಸ್ರಿ. ನೋಡಿ ಹೇಳತೇನಿ" ಎಂದರು.

ಸುದ್ದಿ ಕೇಳಿ ಅಬ್ದುಲರಜಾಕ ತೊಳೆದಿಟ್ಟ ಪ್ರನಾಳಗಳನ್ನೇ ಮತ್ತೆ ತೊಳೆಯತೊಡಗಿದರು. ಕೈ ನಿಲ್ಲಿಸದೆಯೇ, "ಗೇಟಿನ್ಯಾಗ ಕುಂತ್ರ ನಾ ಇದ್ದೂ ಸತ್ತಂಗ ನೋಡ್ರಿ ಅಕ್ಕೋರ" ಎಂದರು.

ನನಗೂ ಸಂಕಟವಾಯಿತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಹಂಗಾದ್ರ ಸೋಮವಾರ ಇಲ್ಲಿ ಎಲ್ಲಾ ಫಳಫಳ ಹೊಳೀಬೇಕು. ಒಂದ ಚೂರು ಜಂಗು-ತುಕ್ಕು ಕಂಡ್ರ ನೋಡ್ರಿ ಮತ್ತ!"

ಸೋಮವಾರ ಹತ್ತನೆಯ ತರಗತಿಯ ಮಕ್ಕಳು ಮೇಜಿನ ಸುತ್ತ ನಿಂತರು. ಅಧ್ಯಕ್ಷರು ಮುಂದಿನ ಸ್ಟೂಲಿನ ಮೇಲೆ ಕೂತರು, ಹೆಡ್‌ಮಾಸ್ತರರು ಅವರ ಬದಿಗೆ ನಿಂತರು. ಸುಟ್ಟ ಸುಣ್ಣಕ್ಕೆ ನೀರು ಬಿದ್ದು ಬುಸುಗುಟ್ಟಿತು, ಪಾತ್ರೆ ಬಿಸಿಯಾಯಿತು. ಹಸಿರು ಹರಳು ಕಾದು ಕಂದು ಬಣ್ಣಕ್ಕೆ ತಿರುಗಿತು, ಗಂಧಕದ ಘಾಟು ಎದ್ದಿತು. ತಿಳಿಯಾದ ಎರಡು ದ್ರಾವಣ ಬೆರೆಸಿದ್ದೇ ತಡ, ಬೆಳ್ಳಗೆ ಹಾಲಿನಂತಾದವು. ಉಳಿದದ್ದು ಸ್ಥಾನಪಲ್ಲಟ. ಎಲ್ಲಕ್ಕಿಂತ ಸುಲಭದ್ದು ಎಂದು ಕೊನೆಗೆ ಇಟ್ಟುಕೊಂಡಿದ್ದೆವು. ಅಫ್ರೀನ ಎಂಬ ಹುಡುಗಿ ಮೈಲುತುತ್ತದ ನೀಲಿ ನೀರಿಗೆ ಹೊಸ ಕಬ್ಬಿಣದ ಮೊಳೆ ಇಳಿಬಿಟ್ಟಳು. ಮೊಳೆಗೆ ತಾಮ್ರದ ಕೆಂಪು ಹತ್ತಬೇಕು.

ಐದು ನಿಮಿಷವಾಯಿತು. ಹತ್ತಾಯಿತು. ಮೊಳೆ ಹಾಕಿದಾಗ ಹೇಗಿತ್ತೋ ಹಾಗೇ ಹೊಳೆಯುತ್ತಿತ್ತು.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. "ಇರ್ಲಿ ಬಿಡ್ರಿ, ಮೈಲುತುತ್ತ ಹಳೇದಾಗಿರಬೇಕು. ವಿಡಿಯೋದಾಗ ಈ ತ್ರಾಸ ಇರಂಗಿಲ್ಲ ನೋಡ್ರಿ."

ಆ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು. ಅಧ್ಯಕ್ಷರಿಗೆ ಬೈಯಲಾಗದು. ಅಬ್ದುಲರಜಾಕ ಅವರ ಕಡೆ ತಿರುಗಿದೆ. "ಮೂವತ್ತ ವರ್ಷ ಏನ ಕಲ್ತ್ರಿ ನೀವು? ಒಂದ ಮೊಳಿ ಸುದ್ದ ಸರಿ ತರಾಕ ಆಗಲಿಲ್ಲ?"

ಮೂವತ್ತೆಂಟು ಮಕ್ಕಳು ಕೇಳಿಸಿಕೊಂಡರು. ಅಬ್ದುಲರಜಾಕ ತಲೆ ತಗ್ಗಿಸಿ ನಿಂತರು.

ಅಷ್ಟರಲ್ಲಿ ಅಫ್ರೀನ ತಟ್ಟೆಯಿಂದ ಇನ್ನೊಂದು ಮೊಳೆ ಎತ್ತಿ, ದೂರ ಹಿಡಿದು, ಅಂಗೈ ಬೀಸಿದಳು. ಮತ್ತೊಮ್ಮೆ ಬೀಸಿದಳು.

"ಅಕ್ಕೋರ, ಕುಸುಬಿ ಎಣ್ಣಿ ವಾಸನಿ ಬರಾಕತ್ತೈತ್ರಿ."

ಮೈಲುತುತ್ತ ಹಳೆಯದು ಎಂಬ ನೆಪ ಕೈಗೆ ಸಿಕ್ಕಿತ್ತು. ಅಬ್ದುಲರಜಾಕ ಅದನ್ನು ಹಿಡಿಯಲಿಲ್ಲ. "ಮೈಲುತುತ್ತದ ತಪ್ಪಲ್ರಿ ಸಾಹೇಬ್ರ. ಎಣ್ಣಿ ನಾನ ಹಚ್ಚೇನಿ" ಎಂದರು. ಅವರ ಅಪ್ಪ ಯಾಕೂಬಸಾಬರು ಸಂತೆಯಲ್ಲಿ ಕುಡಗೋಲಿಗೆ ಸಾಣೆ ಹಿಡಿಯುತ್ತಿದ್ದರಂತೆ. ಯಾವ ಹತಾರವನ್ನೂ ಒಣ ಮೈಯಲ್ಲಿ ಯಾರ ಕೈಗೂ ಕೊಟ್ಟವರಲ್ಲ, ಕುಸುಬಿ ಎಣ್ಣೆ ಸವರಿಯೇ ಕೊಡಬೇಕು. "ಪ್ರತಿ ವರ್ಷ ಹಳೇ ಮೊಳಿ ತರ್ತಿದ್ದೆ, ಹುಡುಗೂರ ತಿಕ್ಕಿ ಹಾಕ್ತಿದ್ರು. ಈ ಸಲಾ ದೊಡ್ಡವರು ಬರ್ತಾರಂತ ಹೊಸವ ತಂದು, ಹೊಳೀಲಿ ಅಂತ ಹಚ್ಚಿದೆ. ಹೊಳಿಯೂದು ನೋಡಿ ಯಾರೂ ತಿಕ್ಕಲಿಲ್ಲ. ಎಣ್ಣಿ ಇದ್ರ ನೀರು ಕಬ್ಬಿಣಾ ಮುಟ್ಟಂಗಿಲ್ಲ, ಅಷ್ಟ ಹೊಳೀಲಿಲ್ಲ ನನಗ."

ಹೊಳೆಯಬೇಕು ಎಂದವಳು ನಾನು. ನೆಲ ಬಿರಿದು ನುಂಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಫ್ರೀನ ಯಾರ ಅಪ್ಪಣೆಗೂ ಕಾಯಲಿಲ್ಲ. ಕೈಯಲ್ಲಿದ್ದ ಮೊಳೆಯನ್ನು ಸೋಡಾ ಪುಡಿಯಲ್ಲಿ ತೊಳೆದು, ಪಾಲಿಶ್ ಪೇಪರಿನಿಂದ ತಿಕ್ಕಿ, ಅದೇ ನೀಲಿ ನೀರಿಗೆ ಹಾಕಿದಳು. ಎರಡು ನಿಮಿಷದಲ್ಲಿ ಮೊಳೆಯ ಮೈ ಕೆಂಪಾಗತೊಡಗಿತು. ಮಕ್ಕಳು "ಹತ್ತಿತು, ಹತ್ತಿತು!" ಎಂದು ಕುಣಿದರು.

ಅಧ್ಯಕ್ಷರು ಎದ್ದು ಬಂದು, ತಟ್ಟೆಯಲ್ಲಿ ಉಳಿದ ಒಂದು ಮೊಳೆ ಎತ್ತಿ ಮೂಗಿಗೆ ಹಿಡಿಯಹೋದರು. ಮೂವತ್ತೆಂಟು ಮಕ್ಕಳೂ ಒಟ್ಟಿಗೆ ಕೂಗಿದರು. "ಮೂಗು ತುರುಕಬ್ಯಾಡ್ರಿ!"

ಪಂಢರಿನಾಥರು ಬೆಚ್ಚಿ ಮೊಳೆ ದೂರ ಹಿಡಿದರು. ಹೆಡ್‌ಮಾಸ್ತರರ ಮುಖ ಬಿಳಚಿತು. ಅಧ್ಯಕ್ಷರು ಮಕ್ಕಳನ್ನು ಒಮ್ಮೆ ನೋಡಿದರು, ಅಬ್ದುಲರಜಾಕ ಅವರನ್ನು ಒಮ್ಮೆ ನೋಡಿದರು. ಆಮೇಲೆ ಮಕ್ಕಳಂತೆಯೇ ಅಂಗೈ ಬೀಸಿದರು.

"ಖರೇನ ಕುಸುಬಿ ಎಣ್ಣಿ" ಎಂದರು. ಮೊಳೆಯನ್ನು ತಟ್ಟೆಗೆ ಹಾಕಿ, ಹೆಡ್‌ಮಾಸ್ತರರಿಗೆ ಹೇಳಿದರು, "ಟಿವಿಯಾಗ ವಾಸನಿ ಬರಂಗಿಲ್ಲಲಾ. ಅದನ್ನ ಹಾಲ್‌ನ್ಯಾಗ ಹಚ್ರಿ."

ಎಲ್ಲರೂ ಹೋದ ಮೇಲೆ ಅಬ್ದುಲರಜಾಕ ಒಬ್ಬರೇ ಕೂತು ಉಳಿದ ಮೊಳೆಗಳ ಎಣ್ಣೆ ಒರೆಸುತ್ತಿದ್ದರು. ನಾನು ಹೋಗಿ ನಿಂತೆ.

"ತಪ್ಪಾತ್ರಿ. ಹೊಳೀಬೇಕು ಅಂದಾಕಿ ನಾನ."

ಅವರು ಮೊಳೆಯಿಂದ ಕಣ್ಣೆತ್ತಲಿಲ್ಲ. "ಬೈರಿ ಅಕ್ಕೋರ, ಅದಕ್ಕೇನಾತು. ನೀವು ಬೈದೀರಂತನ ನಾ ನೆಟ್ಟಗ ಕೆಲಸಾ ಕಲ್ತೇನಿ. ಹುಡುಗೂರ ಮುಂದ ಮಾತ್ರ ಬ್ಯಾಡ್ರಿ."

ಹದಿನಾಲ್ಕು ವರ್ಷದಲ್ಲಿ ಅವರು ನನ್ನಲ್ಲಿ ಬೇಡಿದ್ದು ಅದೊಂದೇ. ನನಗೆ ಅಳು ಬಂತು, ಅತ್ತೆ. ಅವರು ಪ್ರನಾಳ ಒರೆಸುವ ಬಟ್ಟೆಯನ್ನೇ ಮುಂದೆ ಹಿಡಿದರು. ಅದಕ್ಕೂ ಕುಸುಬಿ ಎಣ್ಣೆ ಹತ್ತಿತ್ತು.

ಅಂದಿನಿಂದ ಮಕ್ಕಳ ಮುಂದೆ ಅವರಿಗೆ ಒಂದು ಮಾತೂ ಬೈದಿಲ್ಲ. ಬೈಯಲೇಬೇಕಾದರೆ ಬಾಗಿಲು ಹಾಕಿಕೊಳ್ಳುತ್ತೇನೆ.